ಸಿಪಾಯಿಯ ಮಗುವಿಗೆ ಊರು ಯಾವುದು?

ಅಂಚೆಯ ವಿಳಾಸಗಳಲ್ಲೆಲ್ಲ ಅತ್ಯಂತ ವಿಚಿತ್ರವಾದುದು ಸೈನಿಕನ ವಿಳಾಸ. ಅದರಲ್ಲಿ ಒಂದು ಸೇವಾಸಂಖ್ಯೆಯಿರುತ್ತದೆ, ಹುದ್ದೆಯಿರುತ್ತದೆ, ಹೆಸರೂ ಪಲಟಣದ ಹೆಸರೂ ಇರುತ್ತವೆ, ಕೊನೆಯ ಸಾಲಿನಲ್ಲಿ '56 ಎ.ಪಿ.ಒ.' ಎಂದೋ '99 ಎ.ಪಿ.ಒ.' ಎಂದೋ ಒಂದು ಗುರುತಿರುತ್ತದೆ. ಇಲ್ಲದಿರುವುದು ಊರಿನ ಹೆಸರೊಂದೇ. ಮೊದಲನೆಯ ಗುರುತಿನ ಕಾಗದ ದೆಹಲಿಯ ಸೇನಾ ಅಂಚೆಯಿಂದ, ಎರಡನೆಯದು ಕಲ್ಕತ್ತೆಯ ಸೇನಾ ಅಂಚೆಯಿಂದ ಹಂಚಿಕೆಯಾಗುತ್ತದೆ. ಅಲ್ಲಿಂದ ಮುಂದೆ ಅದು ಮರಳುಗಾಡಿಗೆ ಹೋಯಿತೋ ಹಿಮದ ನೆತ್ತಿಗೆ ಹೋಯಿತೋ ಬರೆದವರಿಗೆ ತಿಳಿಯಬೇಕಾಗಿಲ್ಲ. ರಾಷ್ಟ್ರರಕ್ಷಣೆಯ ದೃಷ್ಟಿಯಿಂದ ಇದು ಯುಕ್ತವಾದ ಏರ್ಪಾಡೇ ಸರಿ. ಆದರೆ ಮನೆಯಲ್ಲಿ ಅಕ್ಷರ ಕಲಿಯುತ್ತಿರುವ ಮಗುವೊಂದು ಆ ವಿಳಾಸವನ್ನು ಕೂಡಿಸಿ ಕೂಡಿಸಿ ಓದಿ, "ಇದರಲ್ಲಿ ಅಪ್ಪನ ಊರು ಎಲ್ಲಿದೆ?" ಎಂದು ಕೇಳಿದರೆ, ಉತ್ತರ ಹೇಳುವುದು ಹಿರಿಯರಿಗೂ ಸುಲಭವಲ್ಲ.

ಕೈಗೊಂದು ಫೋನು ಬಂದ ಮೇಲೆ ಕಾಗದ ಬರೆಯುವವರು ವಿರಳವಾಗಿದ್ದಾರೆ. ರಾತ್ರಿ ಒಂಬತ್ತಕ್ಕೆ ಅಂಗೈಯಗಲದ ಗಾಜಿನಲ್ಲಿ ಅಪ್ಪನ ಮುಖ ಕಾಣಿಸಿಕೊಂಡು, ಊಟವಾಯಿತೆ, ಪಾಠವಾಯಿತೆ ಎಂದು ವಿಚಾರಿಸಿ ಮಾಯವಾಗುತ್ತದೆ. ಆದರೂ ಮಗುವಿನ ಪ್ರಶ್ನೆ ಹಾಗೆಯೇ ಉಳಿದಿದೆ. ಮುಖ ಕಾಣಿಸುತ್ತದೆ, ಊರು ಕಾಣಿಸುವುದಿಲ್ಲ. ಈ ಪ್ರಶ್ನೆಯನ್ನು ಕಲಬುರಗಿ ನಗರದಲ್ಲಿ, ಅದರ ಈಶಾನ್ಯಕ್ಕೆ ಹುಮನಾಬಾದಿನ ದಾರಿಯಲ್ಲಿರುವ ಕಮಲಾಪುರದಲ್ಲಿ ನಿಂತು ಇಂದು ಮತ್ತೊಮ್ಮೆ ಕೇಳಿಕೊಳ್ಳಬೇಕಾದ ಕಾರಣವಿದೆ. ಸೈನಿಕ ಸೇವೆಯ ಸ್ವರೂಪವೇ 2022ರಿಂದ ಬದಲಾಗಿದೆ. ಕಲ್ಯಾಣ ಕರ್ನಾಟಕದ ಮಕ್ಕಳ ವಿದ್ಯಾಭ್ಯಾಸದ ಹಕ್ಕುಗಳಿಗೆ 'ಹುಟ್ಟು' ಮತ್ತು 'ವಾಸ' ಎಂಬೆರಡು ಮಾತುಗಳು ಆಧಾರವಾಗಿವೆ. ಸಿಪಾಯಿಯ ಮಗುವಿನ ಬಾಳಿನಲ್ಲಿ ಅತ್ಯಂತ ಅಸ್ಥಿರವಾಗಿರುವುವು ಈ ಎರಡೇ.

ಕಮಲಾಪುರವೆಂದೊಡನೆ ದಕ್ಷಿಣದ ವಾಚಕರಿಗೆ ಹಂಪೆಯ ನೆರೆಯ ಕಮಲಾಪುರ ನೆನಪಾಗಬಹುದು. ನಾವು ಹೇಳುತ್ತಿರುವುದು ಅದನ್ನಲ್ಲ. ಇದು ಇತ್ತೀಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರವಾದ, ಕೆಂಪು ಬಾಳೆಗೆ ಹೆಸರಾದ ಕಮಲಾಪುರ. ಆ ಬಾಳೆಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಬೀದರಿಗೂ ಕಲಬುರಗಿಗೂ ನಡುವೆ 2017ರಲ್ಲಿ ರೈಲು ಮಾರ್ಗ ತೆರೆದ ಮೇಲೆ ಈ ಸೀಮೆಗೆ ಉಗಿಬಂಡಿಯ ಸದ್ದೂ ಬಂದಿತು. ಒಂದು ಕಡೆಗೆ ಬೀದರಿನಲ್ಲಿ ಯುದ್ಧವಿಮಾನ ಚಾಲಕರನ್ನು ತರಬೇತಿಗೊಳಿಸುವ ವಾಯುಪಡೆಯ ನೆಲೆ. ಮತ್ತೊಂದು ಕಡೆಗೆ ಕಲಬುರಗಿಯ ರೈಲು ನಿಲ್ದಾಣ, ಅಲ್ಲಿಂದ ದೆಹಲಿಗೂ ಮುಂಬಯಿಗೂ ಹೊರಡುವ ಗಾಡಿಗಳು. ರಜೆ ಮುಗಿಸಿದ ಸಿಪಾಯಿ ಹೆಗಲಿನ ಚೀಲ, ಕಪ್ಪು ಪೆಟ್ಟಿಗೆಯೊಡನೆ ಕರ್ನಾಟಕ ಎಕ್ಸ್‌ಪ್ರೆಸ್ಸನ್ನು ಹತ್ತುವುದು ಇಲ್ಲಿಯೇ. ಬಿಳಿಯ ಬಣ್ಣದಲ್ಲಿ ಹೆಸರು, ಸಂಖ್ಯೆ ಬರೆದ ಆ ಪೆಟ್ಟಿಗೆಯನ್ನು ನೋಡಿದ ಮಾತ್ರಕ್ಕೆ ಹೋಗುವವನು ಯಾರೆಂದು ತಿಳಿಯುತ್ತದೆ.

ಕಲಬುರಗಿ ಸೀಮೆಗೂ ಸೈನ್ಯಕ್ಕೂ ಇರುವ ಸಂಬಂಧ ಕೊಡಗಿನದರಂತೆ ತಲೆಮಾರುಗಳಿಂದ ಹರಿದು ಬಂದುದಲ್ಲ. ಇಲ್ಲಿ ಕೋಟೆಗೇನೂ ಕೊರತೆಯಿಲ್ಲ. 1347ರಲ್ಲಿ ಬಹಮನಿ ರಾಜ್ಯ ತಲೆಯೆತ್ತಿದ್ದು ಈ ನಗರದಲ್ಲಿಯೇ. ಕೋಟೆಯ ಮೇಲಿನ ಉದ್ದನೆಯ ತೋಪನ್ನು ಇಂದಿಗೂ ಮಕ್ಕಳು ಬಾಯಿ ತೆರೆದು ನೋಡುತ್ತಾರೆ. ಆದರೆ ತೋಪಿನ ಹಿಂದೆ ನಿಂತವನು ನಮ್ಮ ಮನೆಯವನು ಎಂಬ ಭಾವನೆ ಇಲ್ಲಿನ ರೈತನಿಗೆ ಬಹುಕಾಲ ಬರಲಿಲ್ಲ. ನಿಜಾಮನ ಹೆಸರಿನಲ್ಲಿ ಬ್ರಿಟಿಷರು ಕಟ್ಟಿದ ಹೈದರಾಬಾದ್ ಕಂಟಿಂಜೆಂಟಿನ ಕಥೆಯನ್ನೇ ನೋಡಿ. ಅದರ ಪಲಟಣಗಳು 1922ರಲ್ಲಿ 19ನೆಯ ಹೈದರಾಬಾದ್ ರೆಜಿಮೆಂಟ್ ಎನಿಸಿದವು. ಅಷ್ಟು ಹೊತ್ತಿಗೆ ಅದರಲ್ಲಿ ತುಂಬಿದ್ದವರು ಹೆಚ್ಚಾಗಿ ಕುಮಾವೂನಿನವರು, ಅಹೀರರು, ಜಾಟರು. 1945ರಲ್ಲಿ ಅದರ ಹೆಸರನ್ನೂ ಬದಲಾಯಿಸಿ ಕುಮಾವೂನ್ ರೆಜಿಮೆಂಟ್ ಎಂದರು. ಕನ್ನಡ ನಾಡಿನ ಕೆ. ಎಸ್. ತಿಮ್ಮಯ್ಯನವರು ಆ ಹೈದರಾಬಾದ್ ರೆಜಿಮೆಂಟಿನ ಅಧಿಕಾರಿಯಾಗಿದ್ದರು. ಆದರೆ ಅವರು ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳಿಂದ ಹೋದವರಲ್ಲ, ಮಡಿಕೇರಿಯವರು. ಕೆಲವು ಕುಲಗಳು ಮಾತ್ರ ಯುದ್ಧಕ್ಕೆ ಯೋಗ್ಯವೆಂಬ ಬ್ರಿಟಿಷರ ವಿಚಿತ್ರ ಸಿದ್ಧಾಂತದಲ್ಲಿ ಜೋಳ ತೊಗರಿ ಬೆಳೆಯುವ ಈ ಕರಿಮಣ್ಣಿನ ಸೀಮೆಗೆ ಸ್ಥಾನವಿರಲಿಲ್ಲ.

ಸ್ವಾತಂತ್ರ್ಯಾನಂತರವೂ ಈ ಸೀಮೆ ಸೈನ್ಯವನ್ನು ಮೊದಲು ಕಂಡದ್ದು ಒಳಕ್ಕೆ ಬಂದ ಸೈನ್ಯವಾಗಿ. 1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ನೇತೃತ್ವದಲ್ಲಿ ಭಾರತದ ಸೇನೆ ಸಂಸ್ಥಾನವನ್ನು ಹೊಕ್ಕಿತು. 17ರಂದು ನಿಜಾಮ ಶರಣಾದನು. ರಜಾಕಾರರ ಹಾವಳಿಯಿಂದ ನಲುಗಿದವರಿಗೆ ಆ ದಿನ ಬಿಡುಗಡೆಯ ದಿನ. ಅದರ ಬೆನ್ನಿಗೆ ನಡೆದ ಹಿಂಸೆಯಲ್ಲಿ ನೊಂದವರ ಮನೆಗಳಲ್ಲಿ ಬೇರೆ ನೆನಪುಗಳೂ ಉಳಿದಿವೆ. ಅಂದು ಕಂಡ ಸಿಪಾಯಿ ದೂರದಿಂದ ಬಂದವನು, ಇಲ್ಲಿಂದ ಹೋದವನಲ್ಲ. ಇಲ್ಲಿಂದ ಹೋಗುವ ಸಿಪಾಯಿ ಆಮೇಲಿನವನು. ರಾಜ್ಯರಾಜ್ಯಗಳ ಗಂಡಸರ ಜನಸಂಖ್ಯೆಗೆ ಅನುಗುಣವಾಗಿ ನೇಮಕಾತಿಯ ಪಾಲನ್ನು ನಿಗದಿಪಡಿಸುವ ಪದ್ಧತಿ 1966ರಲ್ಲಿ ಬಂದಿತು. ಇಂದು ಕಲಬುರಗಿ, ಬೀದರ್, ರಾಯಚೂರು, ಯಾದಗಿರಿಯ ತರುಣರು ಬೆಳಗಾವಿಯ ನೇಮಕಾತಿ ಕಚೇರಿಯ ವ್ಯಾಪ್ತಿಗೆ ಸೇರುತ್ತಾರೆ. ಬೆಳಗಿನ ಜಾವ ಊರ ಹೊರಗಿನ ರಸ್ತೆಯಲ್ಲಿ ಓಟದ ಅಭ್ಯಾಸ ಮಾಡುತ್ತಾರೆ. ಹೀಗೆ ಸಿಪಾಯಿ ನಮ್ಮ ಮನೆಯವನಾದದ್ದು ಒಂದೆರಡು ತಲೆಮಾರಿನ ಮಾತು. ಸಿಪಾಯಿಯ ಮಗು ಈ ಸಮಾಜಕ್ಕೆ ಅದಕ್ಕಿಂತಲೂ ಹೊಸದು. ಕೊಡಗಿನಲ್ಲಿ ಅಂತಹ ಮಗುವಿನ ನೆರೆಯಲ್ಲಿ ಅಂತಹವೇ ನಾಲ್ಕು ಮಕ್ಕಳಿರುತ್ತವೆ, ಅಜ್ಜನೂ ದಂಡಿನಲ್ಲಿದ್ದವನಾಗಿರುತ್ತಾನೆ. ಕಮಲಾಪುರದ ಶಾಲೆಯ ತರಗತಿಯಲ್ಲಿ ಅದು ಬಹುಶಃ ಒಂದೇ ಒಂದು.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಸೈನಿಕ ಕುಟುಂಬದ ಬಾಲ್ಯವೆಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ದಂಡಿನ ಪ್ರದೇಶದ ಚಿತ್ರ: ಸುಣ್ಣ ಬಳಿದ ಕಲ್ಲುಗಳ ಸಾಲು, ಅಚ್ಚುಕಟ್ಟಾದ ಹುಲ್ಲುಹಾಸು, ಮೂರು ವರ್ಷಕ್ಕೊಂದು ಹೊಸ ಶಾಲೆ, ಹತ್ತು ಭಾಷೆಯ ಗೆಳೆಯರು. ಈ ಚಿತ್ರ ಸುಳ್ಳಲ್ಲ. ಆದರೆ ಇದು ಹೆಚ್ಚಾಗಿ ಅಧಿಕಾರಿಯ ಮಗುವಿನ ಚಿತ್ರ. ಸಾಮಾನ್ಯ ಸಿಪಾಯಿಗೆ ಸಂಸಾರದೊಡನೆ ಇರುವ ಮನೆ ಶಾಂತಿಠಾಣ್ಯದಲ್ಲಿ ಮಾತ್ರ ದೊರಕಬೇಕು. ಅಲ್ಲಿಯೂ ಮನೆಗಳ ಸಂಖ್ಯೆ ಮಿತವಾದುದು. ಸರದಿ ಬರುವ ವೇಳೆಗೆ ಅವನ ಪಲಟಣ ಗಡಿಯ ಠಾಣ್ಯಕ್ಕೆ ಹೊರಟಿರುತ್ತದೆ, ಅಲ್ಲಿಗೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಆದ್ದರಿಂದ ಸಿಪಾಯಿಯ ಮಕ್ಕಳಲ್ಲಿ ಎರಡು ಬಗೆ: ಅಪ್ಪನೊಡನೆ ಅಲೆಯುವ ಮಗು ಒಂದು, ಊರಿನಲ್ಲಿ ನಿಂತು ಅಪ್ಪನನ್ನು ಕಾಯುವ ಮಗು ಮತ್ತೊಂದು. ಮೊದಲನೆಯದರ ಬಗೆಗೆ ಕಾದಂಬರಿಗಳಿವೆ, ಚಲನಚಿತ್ರಗಳಿವೆ, ವಿದೇಶಗಳಲ್ಲಿ ಸಂಶೋಧನೆಯೂ ನಡೆದಿದೆ. ಎರಡನೆಯದರ ಬಗೆಗೆ ಹೇಳುವವರು ಕಡಿಮೆ. ಕಲಬುರಗಿ ಸೀಮೆಯಲ್ಲಿ ಹೆಚ್ಚಾಗಿ ಕಾಣಸಿಗುವುದಾದರೋ ಈ ಎರಡನೆಯದೇ.

ಅಲೆಯುವ ಮಗುವಿನ ವಿಚಾರದಲ್ಲಿ ಒಂದು ಸೋಜಿಗದ ಸಂಗತಿಯಿದೆ. ಪರದೇಶದಲ್ಲಿ ಬೆಳೆದು, ತಂದೆತಾಯಿಗಳ ಸಂಸ್ಕೃತಿಗೂ ಪೂರ್ತಿ ಸೇರದೆ, ಬೆಳೆದ ನೆಲದ ಸಂಸ್ಕೃತಿಗೂ ಪೂರ್ತಿ ಸೇರದೆ, ನಡುವೆ ತನ್ನದೇ ಒಂದು ಲೋಕವನ್ನು ಕಟ್ಟಿಕೊಳ್ಳುವ ಮಕ್ಕಳನ್ನು ಇಂದು ಜಗತ್ತಿನ ಸಮಾಜಶಾಸ್ತ್ರಜ್ಞರು 'ಮೂರನೆಯ ಸಂಸ್ಕೃತಿಯ ಮಕ್ಕಳು' ಎಂದು ಕರೆಯುತ್ತಾರೆ. ಆ ಮಾತನ್ನು ಬಳಕೆಗೆ ತಂದವರು ಅಮೆರಿಕದ ರೂತ್ ಹಿಲ್ ಯೂಸೀಮ್; ಆಕೆ ಮತ್ತು ಆಕೆಯ ಪತಿ ಜಾನ್ ಯೂಸೀಮ್ 1950ರ ದಶಕದಲ್ಲಿ ನಮ್ಮ ಭಾರತಕ್ಕೇ ಬಂದು, ಇಲ್ಲಿ ನೆಲೆಸಿದ್ದ ಅಮೆರಿಕನ್ನರ ಬಾಳನ್ನು ಪರಿಶೀಲಿಸುತ್ತಿದ್ದಾಗ ಈ ಕಲ್ಪನೆ ರೂಪುಗೊಂಡಿತು. ಅಮೆರಿಕದಲ್ಲಿ 1986ರಿಂದ ಏಪ್ರಿಲ್ ತಿಂಗಳನ್ನು ಸೈನಿಕರ ಮಕ್ಕಳ ಮಾಸವೆಂದು ಆಚರಿಸುವ ರೂಢಿಯಿದೆ. ನಮ್ಮಲ್ಲಿ ಜನವರಿ 15 ಸೇನಾ ದಿನ. 1949ರ ಆ ದಿನ ಕೊಡಗಿನ ಕೆ. ಎಂ. ಕಾರ್ಯಪ್ಪನವರು ಬ್ರಿಟಿಷ್ ದಂಡನಾಯಕನಿಂದ ಅಧಿಕಾರ ವಹಿಸಿಕೊಂಡರು. ಮಕ್ಕಳಿಗೆ ಪ್ರತ್ಯೇಕವಾದ ದಿನವಿಲ್ಲ. ಇರಬೇಕೆಂದೂ ನಮ್ಮ ವಾದವಲ್ಲ. ದಿನಾಚರಣೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ.

ಕಾರ್ಯಪ್ಪನವರ ಹೆಸರು ಬಂದುದರಿಂದ ಒಂದು ಪ್ರಸಂಗವನ್ನು ನೆನೆಯಬಹುದು. 1965ರ ಯುದ್ಧದ ಕೊನೆಯಲ್ಲಿ, ಸೆಪ್ಟೆಂಬರ್ 22ರಂದು, ಅವರ ಮಗ ಕೆ. ಸಿ. ಕಾರ್ಯಪ್ಪನವರ ವಿಮಾನ ಶತ್ರುವಿನ ಗುಂಡಿಗೆ ಸಿಕ್ಕಿ, ಅವರು ಪಾಕಿಸ್ತಾನದ ಸೆರೆಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರು ಅವಿಭಜಿತ ಸೇನೆಯಲ್ಲಿ ಹಿರಿಯ ಕಾರ್ಯಪ್ಪನವರ ಕೆಳಗೆ ಕೆಲಸ ಮಾಡಿದವರು. ಮಗನನ್ನು ಬಿಡುಗಡೆ ಮಾಡುವುದಾಗಿ ಹೇಳಿ ಕಳುಹಿಸಿದರು. ಸೆರೆಯಲ್ಲಿರುವ ಸೈನಿಕರೆಲ್ಲರೂ ತಮ್ಮ ಮಕ್ಕಳೇ ಎಂಬ ಅರ್ಥದ ಉತ್ತರ ಕೊಟ್ಟು ತಂದೆ ಆ ಉಪಕಾರವನ್ನು ನಿರಾಕರಿಸಿದರೆಂದು ಪ್ರಸಿದ್ಧಿಯಿದೆ. ಈ ಕಥೆಯನ್ನು ನಾವು ತಂದೆಯ ಹಿರಿಮೆಗಾಗಿ ಹೇಳುತ್ತೇವೆ, ಅದು ಸರಿಯೇ. ಆದರೆ ಸೈನಿಕನ ಮಗುವಿನ ಬಾಳಿನ ಒಂದು ಮೂಲಸೂತ್ರವೂ ಇದರಲ್ಲಿ ಅಡಗಿದೆ. ಆ ಮಗು ತನ್ನ ತಂದೆಯನ್ನು ಇತರರೊಡನೆ ಹಂಚಿಕೊಳ್ಳಲು ಕಲಿಯಬೇಕು. ಆ ಪಾಠವನ್ನು ಸೆರೆಮನೆಯಲ್ಲಿ ಕಲಿತವರು ಸ್ವತಃ ಯೋಧರಾದ, ವಯಸ್ಕರಾದ ಮಗ. ಕಮಲಾಪುರದ ಮಗು ಅದನ್ನು ಐದನೆಯ ವಯಸ್ಸಿನಲ್ಲಿ ಕಲಿಯಬೇಕಾಗಿದೆ; ಅದರ ಕಡೆಗೆ ಯಾವ ಇತಿಹಾಸಕಾರನೂ ನೋಡುವುದಿಲ್ಲ.

ಕಾಯುವ ಮಗುವಿನ ವರ್ಷ ಹೇಗೆ ಕಳೆಯುತ್ತದೆಂಬುದನ್ನು ಕಲ್ಪಿಸಿಕೊಳ್ಳೋಣ. ಸಿಪಾಯಿಗೆ ವಾರ್ಷಿಕ ರಜೆ 60 ದಿನ. ಅದರ ಹೊರತು ಸಾಂದರ್ಭಿಕ ರಜೆ. ಗಡಿಯಿಂದ ಮನೆಗೆ ಬರುವ ಪ್ರಯಾಣವೇ ಮೂರು ನಾಲ್ಕು ದಿನ ಹಿಡಿದೀತು. ತೊಗರಿ ಕಟಾವಿನ ಕಾಲಕ್ಕೆ ಬಂದರೆ ಹೊಲಕ್ಕೆ ಅನುಕೂಲ, ಆದರೆ ಮಗುವಿಗೆ ಆಗ ಶಾಲೆ. ಬೇಸಗೆಯಲ್ಲಿ ಬಂದರೆ ಮಗುವಿಗೆ ಬಿಡುವು, ಆದರೆ ಆ ತಿಂಗಳುಗಳಲ್ಲಿ ರಜೆ ಬೇಕೆನ್ನುವವರು ಪಲಟಣದ ತುಂಬ ಇರುತ್ತಾರೆ. ಬಂದ ಅಪ್ಪ ಮೊದಲ ವಾರ ಅತಿಥಿ. ಎರಡನೆಯ ವಾರ ಗೆಳೆಯ. ಮೂರನೆಯ ವಾರ ಶಿಸ್ತಿನ ಅಧಿಕಾರಿ. ಇನ್ನು ತಂದೆಯಾಗಬೇಕು ಎನ್ನುವಷ್ಟರಲ್ಲಿ ಕಪ್ಪು ಪೆಟ್ಟಿಗೆ ಮತ್ತೆ ಹೊರಗೆ ಬರುತ್ತದೆ. ಉಳಿದ ಹತ್ತು ತಿಂಗಳು ಮನೆಯ ಯಜಮಾನಿಕೆ ತಾಯಿಯದು. ಹೊಲದ ಪಾಲು, ಅತ್ತೆ ಮಾವನ ಔಷಧ, ಬ್ಯಾಂಕಿನ ಚೀಟಿ, ಮಗುವಿನ ಜ್ವರ, ಎಲ್ಲಕ್ಕೂ ಅವಳೇ. ದೂರದರ್ಶನದಲ್ಲಿ ಗಡಿಯ ಸುದ್ದಿ ಬಂದ ದಿನ ಅವಳು ಪೆಟ್ಟಿಗೆಯನ್ನು ಆರಿಸುತ್ತಾಳೆ. ಏಕೆ ಆರಿಸಿದಳೆಂದು ಮಗು ಕೇಳುವುದಿಲ್ಲ. ಕೇಳಬಾರದೆಂಬುದನ್ನು ಅದು ಹೇಗೋ ಕಲಿತಿರುತ್ತದೆ.

ಈ ಮೌನದ ಹಿಂದಿರುವ ಭೀತಿ ಕಲ್ಪನೆಯದಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯಲ್ಲಿ, 19,000 ಅಡಿಗೂ ಮೇಲೆ, ಮದ್ರಾಸ್ ರೆಜಿಮೆಂಟಿನ 19ನೆಯ ಪಲಟಣದ ಹತ್ತು ಮಂದಿ ಹಿಮದಡಿ ಹುಗಿದುಹೋದರು. ಆರನೆಯ ದಿನಕ್ಕೆ ಅವರಲ್ಲೊಬ್ಬರು ಜೀವಸಹಿತ ದೊರೆತರು: ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ನಾಡಿಗೆ ನಾಡೇ ಉಸಿರು ಬಿಗಿಹಿಡಿದು ಕಾದಿತು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅವರ ಮಗಳು ಆಗ ಎಳೆಯ ಕೂಸು. ಆ ಮಗುವಿಗೆ ತಂದೆಯ ಬಗೆಗೆ ಇರಬಹುದಾದ ನೆನಪಿಗಿಂತ ಅಪರಿಚಿತರು ಹೇಳುವ ಕಥೆಗಳೇ ಹೆಚ್ಚಾಗಿರುತ್ತವೆ. ಹುತಾತ್ಮನ ಮಗುವೆಂದು ಸಭೆಯಲ್ಲಿ ಕುಳ್ಳಿರಿಸಿ ಹಾರ ಹಾಕುವುದು ನಮಗೆ ಸುಲಭ. ಹಾರ ತೆಗೆದ ಮರುದಿನ ಅದರ ಶಾಲೆಯ ಶುಲ್ಕದ ಮಾತು ಬರುತ್ತದೆ. 1971ರ ಯುದ್ಧದ ತರುವಾಯ ಅಂತಹ ಮಕ್ಕಳ ಶಿಕ್ಷಣ ವೆಚ್ಚವನ್ನು ಕೇಂದ್ರ ಸರ್ಕಾರ ವಹಿಸಿಕೊಂಡಿತು. 2017ರಲ್ಲಿ ತಿಂಗಳಿಗೆ 10,000 ರೂಪಾಯಿಯ ಮಿತಿಯನ್ನು ಅದಕ್ಕೆ ಹಾಕಲಾಯಿತು. ಎಲ್ಲ ಕಡೆಯಿಂದ ಆಕ್ಷೇಪಣೆ ಬಂದ ಮೇಲೆ 2018ರಲ್ಲಿ ಆ ಮಿತಿಯನ್ನು ತೆಗೆದುಹಾಕಿದರು. ತಪ್ಪು ತಿದ್ದಿತೆಂಬುದು ಸಂತೋಷವೇ. ಅಂತಹ ತಪ್ಪು ಮಾಡಬಹುದೆಂದು ಯಾರಿಗಾದರೂ ತೋಚಿತಲ್ಲ ಎಂಬುದು ಚಿಂತನೀಯ.

ಮರಣದ ಮಾತು ಬಿಡೋಣ; ಬಹುಮಂದಿ ಸಿಪಾಯಿಗಳು ಬದುಕಿ ಬರುತ್ತಾರೆ. ಅವರು ಬರುವ ವಯಸ್ಸನ್ನು ಗಮನಿಸಬೇಕು. ಹಳೆಯ ಪದ್ಧತಿಯಲ್ಲಿ 15 ವರ್ಷದ ಸೇವೆ ಪೂರೈಸಿದ ಸಿಪಾಯಿಗೆ ನಿವೃತ್ತಿವೇತನದ ಹಕ್ಕು ಬರುತ್ತದೆ. ಮೂವತ್ತೈದರಿಂದ ನಲವತ್ತರ ನಡುವೆ ಅವನು ಮನೆಗೆ ಮರಳುತ್ತಾನೆ. ಉಳಿದವರ ಬಾಳು ಗಟ್ಟಿಯಾಗಿ ನಿಲ್ಲುವ ವಯಸ್ಸಿನಲ್ಲಿ ಇವನು 'ಮಾಜಿ'. ಬ್ಯಾಂಕಿನ ಬಾಗಿಲಲ್ಲೋ ಕಾರ್ಖಾನೆಯ ಗೇಟಿನಲ್ಲೋ ಕಾವಲುಗಾರನಾಗಿ ಎರಡನೆಯ ಬಾಳನ್ನು ಆರಂಭಿಸುವವರು ಅನೇಕರು. ಅದೇ ಸಮಯಕ್ಕೆ ಮಗುವಿಗೆ ಹತ್ತೋ ಹನ್ನೆರಡೋ ವರ್ಷ. ಇಷ್ಟು ದಿನ ರಜೆಯ ಹಬ್ಬವಾಗಿದ್ದ ಅಪ್ಪ ಇನ್ನು ದಿನನಿತ್ಯದ ಅಪ್ಪ. ಬೆಳಗಿನ ಐದಕ್ಕೆ ಏಳಬೇಕು, ಹಾಸಿಗೆಯನ್ನು ಮೂಲೆಗೆ ಮೂಲೆ ಕೂಡುವಂತೆ ಮಡಚಬೇಕು ಎನ್ನುವ ಈ ಹೊಸ ಮನುಷ್ಯನನ್ನು ಮಗು ಸಂಶಯದಿಂದ ನೋಡುತ್ತದೆ. ಮಗುವನ್ನು ಅಪ್ಪನೂ ಹಾಗೆಯೇ ನೋಡುತ್ತಾನೆ. ಫೋನಿನ ಗಾಜಿನಲ್ಲಿ ಕಂಡ ಮುಖಕ್ಕೆ ಇಷ್ಟೊಂದು ಹಟವಿತ್ತೆಂದು ಅವನಿಗೆ ತಿಳಿದಿರಲಿಲ್ಲ. ಅವರಿಬ್ಬರೂ ಒಬ್ಬರನ್ನೊಬ್ಬರು ಕಲಿಯಬೇಕು. ಈ ಕಲಿಕೆಗೆ ಯಾವ ಇಲಾಖೆಯೂ ಪಾಠಪುಸ್ತಕ ಬರೆದಿಲ್ಲ.

ಇನ್ನು ಅಪ್ಪನೊಡನೆ ಅಲೆದು ಮರಳಿದ ಮಗುವಿನ ಕಥೆ. ಅದರ ವಿದ್ಯಾಭ್ಯಾಸಕ್ಕೆ ರಾಷ್ಟ್ರ ಏರ್ಪಾಡು ಮಾಡಿಲ್ಲವೆನ್ನಲಾಗದು. ಸೈನಿಕರು ಹೆಚ್ಚಾಗಿದ್ದ ಊರುಗಳ 20 ರೆಜಿಮೆಂಟಲ್ ಶಾಲೆಗಳನ್ನು ವಹಿಸಿಕೊಂಡು 1963ರಲ್ಲಿ ಆರಂಭವಾದ ಕೇಂದ್ರೀಯ ವಿದ್ಯಾಲಯಗಳು ಇಂದು 1,200ಕ್ಕೂ ಹೆಚ್ಚಾಗಿವೆ, ಕಲಬುರಗಿಯಲ್ಲಿಯೂ ಒಂದಿದೆ. ಅದೇ 1963ರ ಸೆಪ್ಟೆಂಬರಿನಲ್ಲಿ ವಿಜಯಪುರದ ಸೈನಿಕ ಶಾಲೆ ತೆರೆಯಿತು; ಅಲ್ಲಿ ಸೈನಿಕರ, ಮಾಜಿ ಸೈನಿಕರ ಮಕ್ಕಳಿಗೆ ಮೀಸಲು ಸ್ಥಾನಗಳಿವೆ; 2021ರಿಂದ ಹೆಣ್ಣುಮಕ್ಕಳಿಗೂ ಸೈನಿಕ ಶಾಲೆಗಳ ಬಾಗಿಲು ತೆರೆದಿದೆ. ಜಬಲ್ಪುರದಲ್ಲಿ ಬಿಟ್ಟ ಪಾಠವನ್ನು ಮಗು ಪಠಾಣಕೋಟೆಯಲ್ಲಿ ಅದೇ ಪುಟದಿಂದ ಮುಂದುವರಿಸಬಹುದು. ಇದು ಸಣ್ಣ ಸಾಧನೆಯಲ್ಲ. ಆದರೆ ಎಲ್ಲ ಕಡೆಯೂ ಪಾಠ ಒಂದೇ ಆಗಬೇಕಾದರೆ ಎಲ್ಲ ಕಡೆಯೂ ಭಾಷೆಯೂ ಒಂದೇ ಆಗಬೇಕು. ಆ ಪಾಠಪಟ್ಟಿಯಲ್ಲಿ ಹಿಂದಿಯಿದೆ, ಇಂಗ್ಲಿಷಿದೆ, ಸಂಸ್ಕೃತವಿದೆ. ಕನ್ನಡ ಮನೆಯ ಒಳಗೆ ಉಳಿಯುತ್ತದೆ, ಅಡಿಗೆಮನೆಯಲ್ಲಿ ತಾಯಿ ಆಡುವ ಮಾತಾಗಿ ಉಳಿಯುತ್ತದೆ, ಬರೆಹವಾಗಿ ಉಳಿಯುವುದಿಲ್ಲ.

ಹೀಗೆ ಬೆಳೆದ ಮಗು ಹದಿಮೂರನೆಯ ವಯಸ್ಸಿಗೆ ಕಮಲಾಪುರಕ್ಕೆ ಬರುತ್ತದೆ. ಅದಕ್ಕೆ ಹಿಮಾಲಯದ ಹೂವಿನ ಹೆಸರು ಗೊತ್ತು. ತೊಗರಿಯ ಹೂವು ಹಳದಿಯೆಂಬುದು ಗೊತ್ತಿಲ್ಲ. ಅಜ್ಜಿ ಆಡುವ ಕನ್ನಡ ಅದಕ್ಕೆ ಅರ್ಥವಾಗುತ್ತದೆ. ಬಸ್ಸಿನ ಹಣೆಯ ಮೇಲಿನ ಫಲಕವನ್ನು ಓದಲು ಬರುವುದಿಲ್ಲ. ಓರಗೆಯವರು ಅದರ ಹಿಂದಿಯ ರಾಗವನ್ನು ಅಣಕಿಸುತ್ತಾರೆ. ಶರಣಬಸವೇಶ್ವರರ ಜಾತ್ರೆಗೆ ಕರೆದೊಯ್ದರೆ ಎಲ್ಲರಿಗೂ ಎಲ್ಲರೂ ಪರಿಚಿತರು, ಅದಕ್ಕೆ ಯಾರೂ ಇಲ್ಲ. ದಂಡಿನಲ್ಲಿ ಅದನ್ನು 'ಕರ್ನಾಟಕದ ಹುಡುಗ' ಎನ್ನುತ್ತಿದ್ದರು. ಇಲ್ಲಿ 'ಮಿಲಿಟರಿಯವರ ಹುಡುಗ' ಎನ್ನುತ್ತಾರೆ. ಎರಡೂ ಕಡೆ ಅದು ಬೇರೆ ಕಡೆಯದು. 2015ರಲ್ಲಿ ಕರ್ನಾಟಕವು ಕನ್ನಡ ಭಾಷಾ ಕಲಿಕೆಯ ಕಾಯಿದೆಯನ್ನು ಮಾಡಿ, ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಮೊದಲನೆಯ ಅಥವಾ ಎರಡನೆಯ ಭಾಷೆಯಾಗಿ ಕಲಿಸಬೇಕೆಂದು ವಿಧಿಸಿತು. ರಾಜ್ಯದ ಗಡಿಯಾಚೆ ಓದುತ್ತಿರುವ ಕನ್ನಡ ಸಿಪಾಯಿಯ ಮಗುವಿಗೆ ಆ ಕಾಯಿದೆ ತಲುಪಲಾರದು. ಗಡಿಯನ್ನು ಕಾಯುವವನ ಮಗುವಿಗೆ ಭಾಷೆ ಗಡಿಯಲ್ಲೇ ನಿಂತುಹೋಗುತ್ತದೆ.

ಭಾಷೆಯ ಬೆನ್ನಿಗೆ ದಾಖಲೆಯ ಪ್ರಶ್ನೆ ಬರುತ್ತದೆ. ವೃತ್ತಿಶಿಕ್ಷಣದ ಸರ್ಕಾರಿ ಸ್ಥಾನಗಳಿಗೆ ಅರ್ಹರಾಗಬೇಕಾದರೆ ಸಾಮಾನ್ಯವಾಗಿ ವಿದ್ಯಾರ್ಥಿಯು ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ಸೈನಿಕರ ಮಕ್ಕಳು ಈ ನಿಯಮವನ್ನು ಪೂರೈಸಲಾರರೆಂದು ಅರಿತು, ತಂದೆ ಸೇನೆಗೆ ಸೇರುವಾಗ ಕರ್ನಾಟಕದ ಊರೊಂದನ್ನು ತನ್ನ ಸ್ವಂತ ಊರೆಂದು ಘೋಷಿಸಿದ್ದರೆ ಅದನ್ನು ಅಂಗೀಕರಿಸುವ ಅವಕಾಶವನ್ನು ಕಲ್ಪಿಸಿದ್ದಾರೆ. ಇದು ಮಾನವೀಯವಾದ ನಿಯಮ. ಇದರ ಅರ್ಥವನ್ನು ಮಾತ್ರ ಸ್ವಲ್ಪ ಯೋಚಿಸಿ ನೋಡಬೇಕು. ಹದಿನೆಂಟು ವರ್ಷದ ತರುಣನೊಬ್ಬ, ಮದುವೆಯ ಯೋಚನೆಯೂ ಇಲ್ಲದ ಕಾಲದಲ್ಲಿ, ನೇಮಕಾತಿಯ ಮೇಜಿನ ಮುಂದೆ ನಿಂತು 'ಕಮಲಾಪುರ' ಎಂದು ಬರೆಸುತ್ತಾನೆ. ಇಪ್ಪತ್ತು ವರ್ಷದ ಮೇಲೆ, ಆಗ ಹುಟ್ಟಿಯೇ ಇರದ ಮಗುವೊಂದರ ಊರು ಆ ಒಂದು ಪದದಿಂದ ನಿರ್ಣಯವಾಗುತ್ತದೆ.

ಕಲ್ಯಾಣ ಕರ್ನಾಟಕದಲ್ಲಿ ಇದಕ್ಕೆ ಮತ್ತೊಂದು ಮಡಿಕೆಯಿದೆ. 2012ರಲ್ಲಿ ಸಂಸತ್ತು ಅಂಗೀಕರಿಸಿದ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371ಜೆ ವಿಧಿಯು ಈ ಸೀಮೆಯವರಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿಯ ಆಸರೆ ನೀಡಿದೆ. ದೀರ್ಘಕಾಲದ ಹೋರಾಟದ ಫಲವದು. ಅದರ ಅಗತ್ಯದ ಬಗೆಗೆ ಭಿನ್ನಾಭಿಪ್ರಾಯವಿಲ್ಲ. ಹುಟ್ಟಿನಿಂದ ಅಥವಾ ವಾಸದಿಂದ ಈ ಪ್ರದೇಶಕ್ಕೆ ಸೇರಿದವರೆಂದು ಸಂವಿಧಾನ ಹೇಳುತ್ತದೆ. ಅರ್ಹತೆಯ ಪತ್ರವನ್ನು ಸಹಾಯಕ ಆಯುಕ್ತರು ಕೊಡುತ್ತಾರೆ. ತೊಗರಿಯ ಹೊಲದ ಅಂಚಿನಲ್ಲಿ ಹುಟ್ಟಿ ಅಲ್ಲಿಯೇ ಬೆಳೆದವನಿಗೆ ಇದು ಸರಳ. ದೂರದ ಸೇನಾ ಆಸ್ಪತ್ರೆಯೊಂದರಲ್ಲಿ ಹುಟ್ಟಿ, ಐದು ರಾಜ್ಯಗಳಲ್ಲಿ ಓದಿದ ಮಗುವಿಗೆ? ಅದಕ್ಕೆ ಹಕ್ಕಿಲ್ಲವೆಂದು ನಾವು ಹೇಳುತ್ತಿಲ್ಲ. ಹಕ್ಕನ್ನು ತಂದೆತಾಯಿಗಳ, ಅಜ್ಜಅಜ್ಜಿಯರ ಕಾಗದಗಳನ್ನು ಅರಸಿ ತೋರಿಸಬೇಕಾಗುತ್ತದೆ ಎಂಬುದಷ್ಟೇ. ಕಾಗದ ಹೊಂದಿಸುವ ತಂದೆಯಾದರೋ ಗಡಿಯಲ್ಲಿದ್ದಾನೆ. ತಾಯಿ ಮಗುವಿನ ಕೈಹಿಡಿದು ಕಮಲಾಪುರದಿಂದ ಕಲಬುರಗಿಗೆ ಬಸ್ಸಿನಲ್ಲಿ ಬರುತ್ತಾಳೆ. ಕಚೇರಿಯ ಕಟ್ಟೆಯಲ್ಲಿ ಅವರು ಕುಳಿತಿರುವಾಗ, ಮಗು ಮೊದಲ ಬಾರಿಗೆ ತನ್ನ ಊರು ಯಾವುದೆಂಬುದನ್ನು ಪುರಾವೆಯಿಂದ ಸಾಧಿಸಬೇಕಾದ ವಿಷಯವಾಗಿ ಕಾಣುತ್ತದೆ.

ಇಷ್ಟರಲ್ಲಿ ಇಡೀ ಚಿತ್ರವೇ ಬದಲಾಗುತ್ತಿದೆ. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ತರುಣರನ್ನು ಹದಿನೇಳೂವರೆ ವರ್ಷ ತುಂಬಿದ ಮೇಲೆ ನಾಲ್ಕು ವರ್ಷಗಳ ಅವಧಿಗೆ ತೆಗೆದುಕೊಳ್ಳುತ್ತಾರೆ. ಅವಧಿ ಮುಗಿದಾಗ ಪ್ರತಿಶತ 25ರವರೆಗೆ ಮುಂದುವರಿಯಬಹುದು. ಉಳಿದವರು ಸೇವಾನಿಧಿಯೆಂದು ಸುಮಾರು 11.71 ಲಕ್ಷ ರೂಪಾಯಿ ಪಡೆದು, ನಿವೃತ್ತಿವೇತನವಿಲ್ಲದೆ ಹೊರಬರಬೇಕೆಂದು ಯೋಜನೆ ಪ್ರಕಟವಾಯಿತು. ಸೇರುವವರು ಅವಿವಾಹಿತರಾಗಿರಬೇಕು, ಆ ನಾಲ್ಕು ವರ್ಷಗಳಲ್ಲಿ ಮದುವೆಯಾಗುವಂತಿಲ್ಲ. ಈ ಯೋಜನೆಯ ಯುದ್ಧೋಪಯೋಗದ ಬಗೆಗೆ ಪರ ವಿರೋಧವಾಗಿ ಬಹಳ ಚರ್ಚೆ ನಡೆದಿದೆ. ನಮ್ಮ ವಿಷಯಕ್ಕೆ ಸಂಬಂಧಪಟ್ಟ ಒಂದು ಪರಿಣಾಮವನ್ನು ಮಾತ್ರ ಹೆಚ್ಚು ಮಂದಿ ಗಮನಿಸಿದಂತೆ ಕಾಣುವುದಿಲ್ಲ. ಈ ಸಿಪಾಯಿಗೆ ಸೇವೆಯ ಕಾಲದಲ್ಲಿ ಮಗುವೇ ಇರುವುದಿಲ್ಲ. ನಾಲ್ಕರಲ್ಲಿ ಮೂವರ ಪಾಲಿಗೆ ಸೈನಿಕ ಕುಟುಂಬವೆಂಬುದು ಕಟ್ಟಿಕೊಳ್ಳುವ ಮೊದಲೇ ಮುಗಿಯುತ್ತದೆ.

ಇದರಲ್ಲಿ ಲಾಭವೂ ಇದೆಯೆಂದು ಒಪ್ಪಬೇಕು. ಇಪ್ಪತ್ತೈದಕ್ಕೆ ಮೊದಲೇ ಮನೆಗೆ ಬಂದ ತಂದೆ ತನ್ನ ಮಗುವಿನ ಮೊದಲ ಹೆಜ್ಜೆಯನ್ನು ಕಣ್ಣಾರೆ ನೋಡುತ್ತಾನೆ. ಫೋನಿನ ಗಾಜಿನಲ್ಲಿ ಅಲ್ಲ. ಕಾಯುವ ಮಗುವಿನ ದುಃಖ ಆ ಮನೆಯಲ್ಲಿ ಇರದು. ಆದರೆ ಆ ದುಃಖದ ಪ್ರತಿಫಲವಾಗಿ ರಾಷ್ಟ್ರ ಕೊಡುತ್ತಿದ್ದ ಆಸರೆಗಳಾದರೂ ಆ ಮಗುವಿಗೆ ಬರುತ್ತವೆಯೇ? ನಿವೃತ್ತಿವೇತನವಿಲ್ಲ, ಮಾಜಿ ಸೈನಿಕನೆಂಬ ಸ್ಥಾನವನ್ನು ಯೋಜನೆ ಕೊಟ್ಟಿಲ್ಲ. ಬಡ ರೈತನ ಮಗ ಸಿಪಾಯಿಯಾಗಿ, ಸಿಪಾಯಿಯ ಮಗಳು ಇಂಜಿನಿಯರೋ ವೈದ್ಯೆಯೋ ಆಗುವ ಒಂದು ಏಣಿ ನಮ್ಮ ಸೀಮೆಯಲ್ಲಿ ಈಚೆಗೆ ತಾನೇ ನಿಂತಿತ್ತು. ಅದರ ಮೊದಲ ಮೆಟ್ಟಿಲು ಉಳಿದಿದೆ. ಎರಡನೆಯದರ ಬಗೆಗೆ ಉತ್ತರ ಬೇಕಾಗಿದೆ. ದಂಡಿನ ಸಂಪ್ರದಾಯ ಹಳೆಯದಾದ ಕಡೆ ಈ ನಷ್ಟವನ್ನು ತುಂಬಿಕೊಳ್ಳುವ ಬೇರೆ ದಾರಿಗಳಿರಬಹುದು. ಕಲಬುರಗಿಯಂತಹ ಕಡೆ ಏಣಿಗಳೇ ಕಡಿಮೆ.

ಹಾಗಾದರೆ ಏನು ಮಾಡಬೇಕು? ದೊಡ್ಡ ಪ್ರಶ್ನೆಗಳು ದೆಹಲಿಯವು. ಆದರೆ ಊರಿನ ಕೈಯಲ್ಲಿರುವ ಕೆಲಸವೂ ಉಂಟು. ಶಾಲೆಯ ಹಾಜರಿ ಪುಸ್ತಕದಲ್ಲಿ ತಂದೆ ಸೈನ್ಯದಲ್ಲಿರುವ ಮಗು ಯಾವುದೆಂದು ಉಪಾಧ್ಯಾಯರಿಗೆ ತಿಳಿದಿರಲಿ; ಮೆರವಣಿಗೆಯಲ್ಲಿ ಧ್ವಜ ಹಿಡಿಸುವುದಕ್ಕಾಗಿ ಅಲ್ಲ, ಗಡಿಯ ಸುದ್ದಿ ಬಂದ ದಿನ ಅದು ಏಕೆ ಪಾಠ ಒಪ್ಪಿಸಲಿಲ್ಲವೆಂದು ಗದರದಿರುವುದಕ್ಕಾಗಿ. ಹೊರಗಿನಿಂದ ಮರಳಿದ ಮಗುವಿಗೆ ಕನ್ನಡ ಅಕ್ಷರವನ್ನು ಸಂಜೆ ಒಂದು ಗಂಟೆ ಕಲಿಸುವ ಏರ್ಪಾಡನ್ನು ಯಾವುದೇ ವಾಚನಾಲಯ ಮಾಡಬಹುದು. ವಿಶ್ವವಿದ್ಯಾಲಯವಿರುವ ನಗರದಲ್ಲಿ ಕಲಿಸುವ ವಿದ್ಯಾರ್ಥಿಗಳಿಗೆ ಬರವಿರಬಾರದು. ಅರ್ಹತಾಪತ್ರಕ್ಕೆ ಬಂದ ತಾಯಿಗೆ ಬೇಕಾದ ಕಾಗದಗಳ ಪಟ್ಟಿಯನ್ನು ಒಂದೇ ಬಾರಿಗೆ ಹೇಳಿ, ಎರಡನೆಯ ಬಸ್ಸಿನ ಖರ್ಚನ್ನು ಉಳಿಸಬಹುದು. ಹೊರನಾಡಿನಲ್ಲಿರುವ ನಮ್ಮ ಸಿಪಾಯಿಗಳ ಮಕ್ಕಳಿಗೆ ಕನ್ನಡ ಪುಸ್ತಕ ಕಳುಹಿಸುವುದಕ್ಕೆ ಆ ಊರಿಲ್ಲದ ವಿಳಾಸವೇ ಸಾಕು. ಸೇನಾ ಅಂಚೆ ಅದನ್ನು ತಲುಪಿಸುತ್ತದೆ.

ಇವೆಲ್ಲ ಸಣ್ಣ ಕೆಲಸಗಳು. ಆದರೆ ನೇಮಕಾತಿಯ ಮೇಜಿನ ಮುಂದೆ ತರುಣನೊಬ್ಬ ತನ್ನ ಊರಿನ ಹೆಸರನ್ನು ಬರೆಸಿದಾಗ ಅವನು ಒಂದು ನಂಬಿಕೆಯನ್ನೂ ಬರೆಸಿರುತ್ತಾನೆ: ತಾನು ಎಲ್ಲಿದ್ದರೂ ತನ್ನದೆನ್ನುವ ಊರೊಂದಿದೆ, ತನ್ನ ಮಕ್ಕಳಿಗೂ ಅದು ಊರಾಗಿರುತ್ತದೆ ಎಂದು. ಸೈನಿಕನು ರಾಷ್ಟ್ರಕ್ಕೆ ಕೊಟ್ಟ ಮಾತನ್ನು ಪಾಲಿಸುತ್ತಾನೆಯೇ ಎಂದು ನೋಡುವುದಕ್ಕೆ ಅಧಿಕಾರಿಗಳಿದ್ದಾರೆ. ಊರು ಅವನಿಗೆ ಕೊಟ್ಟ ಮಾತನ್ನು ಪಾಲಿಸಿತೇ ಎಂದು ನೋಡುವವರು ಯಾರೂ ಇಲ್ಲ. ರಜೆ ಮುಗಿದ ರಾತ್ರಿ ಕಲಬುರಗಿಯ ನಿಲ್ದಾಣದಲ್ಲಿ ಗಾಡಿ ಹೊರಟ ಮೇಲೆ, ತಾಯಿಯ ಸೆರಗು ಹಿಡಿದ ಮಗುವೊಂದು ಕಮಲಾಪುರದ ಕಡೆಯ ಬಸ್ಸಿಗಾಗಿ ಹಿಂದಿರುಗಿ ನಡೆಯುತ್ತದೆ. ಅದು ಹೋಗುತ್ತಿರುವುದು ತನ್ನ ಊರಿಗೇ ಎಂದು ಅದಕ್ಕೆ ಅನ್ನಿಸುವಂತೆ ಮಾಡುವ ಹೊಣೆ ನಮ್ಮದು.